ಆರತಕ್ಷತೆ ಮುಗಿದ ಮೇಲೆ ಧಾರೆಯವರೆಗೆ: ಮೊದಲ ಮದುವೆ ಹೂವಿನ ಕೆಲಸ ಹೇಗೆ ಹೊಂದಿಸುವುದು?

ಪ್ರಶ್ನೆ: ನಾನು ಹಾಸನದವಳು. ಕೆಲವು ವರ್ಷಗಳಿಂದ ಸೀಮಂತ, ನಾಮಕರಣ, ವರಮಹಾಲಕ್ಷ್ಮಿ ಪೂಜೆಗೆ ಹೂವಿನ ಅಲಂಕಾರ ಮಾಡಿಕೊಡುತ್ತಿದ್ದೇನೆ. ಈಗ ಮೊದಲ ಸಲ ಪೂರ್ತಿ ಮದುವೆ ಒಪ್ಪಿಕೊಂಡಿದ್ದೇನೆ. ಮೇ ತಿಂಗಳು, ಹಾಸನದಲ್ಲೇ ಕಲ್ಯಾಣ ಮಂಟಪ. ಸಂಜೆ ಆರತಕ್ಷತೆ, ಮರುದಿನ ಬೆಳಿಗ್ಗೆ ಧಾರೆ, ಎರಡೂ ಒಂದೇ ಸ್ಟೇಜ್ ಮೇಲೆ. ಅದಾಗಿ ಮೂರು ದಿನಕ್ಕೆ ಚಿಕ್ಕಮಗಳೂರು ಹತ್ತಿರ ಹುಡುಗನ ಕಡೆಯವರ ಕಾಫಿ ತೋಟದಲ್ಲಿ ಬೀಗರೂಟ. ಹುಡುಗಿ ಮೊಬೈಲಿನಲ್ಲಿ ಬಿಳಿ, ತಿಳಿ ಗುಲಾಬಿ ಬಣ್ಣದ ವಿದೇಶಿ ಮದುವೆ ಫೋಟೋ ತೋರಿಸುತ್ತಾಳೆ. ಅವಳ ಅಜ್ಜಿಗೆ ಮಲ್ಲಿಗೆ, ಸೇವಂತಿಗೆಯೇ ಬೇಕು. ಎಷ್ಟು ಹೂ ತರಿಸಲಿ, ಯಾವಾಗ ತರಿಸಲಿ, ಎಷ್ಟು ಜನ ಬೇಕು, ಎಷ್ಟು ದುಡ್ಡು ಕೇಳಲಿ?

ಉತ್ತರ: ಎಷ್ಟು ಹೂ ಅನ್ನುವುದನ್ನು ಸ್ವಲ್ಪ ಆಮೇಲೆ ನೋಡೋಣ. ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣು ನಿಂತಿದ್ದು ‘ಎರಡೂ ಒಂದೇ ಸ್ಟೇಜ್ ಮೇಲೆ’ ಅನ್ನುವ ಮಾತಿನ ಹತ್ತಿರ. ನಮ್ಮ ಕಡೆ ಹಿಂದಿನ ಸಂಜೆಯೇ ಆರತಕ್ಷತೆ ಮುಗಿಸುವ ರೂಢಿ ಇರುವುದರಿಂದ, ಹೂವಿನವರು ರಾತ್ರಿ ಒಂದು ಅಲಂಕಾರ ಬಿಚ್ಚಿ ಬೆಳಗಾಗುವಷ್ಟರಲ್ಲಿ ಇನ್ನೊಂದನ್ನು ನಿಲ್ಲಿಸಬೇಕು. ಕೆಲಸ ಕೆಡುವುದು ಹೆಚ್ಚಾಗಿ ಅಲ್ಲೇ. ಹೂ ಸಾಲದೆ ಕೆಟ್ಟ ಮದುವೆ ನಾನು ಕಂಡಿದ್ದು ಕಡಿಮೆ, ಹೊತ್ತು ಸಾಲದೆ ಕೆಟ್ಟಿದ್ದು ಜಾಸ್ತಿ. ಹಾಗಾಗಿ ಮೊದಲು ಗಂಟೆಯ ಲೆಕ್ಕ ಹಾಕೋಣ.

ಲಗ್ನಪತ್ರಿಕೆಯಲ್ಲಿ ಮುಹೂರ್ತ ಒಂಬತ್ತೂವರೆ ಅಂತ ಇದೆ ಅಂದುಕೊಳ್ಳಿ. ಮಂಟಪ ಒಂಬತ್ತೂವರೆಗೆ ಸಿದ್ಧವಾದರೆ ಸಾಕು ಅಂತ ಅಲ್ಲ. ವರಪೂಜೆ, ಗೌರಿಪೂಜೆ ಎಲ್ಲ ಅದಕ್ಕೂ ಮೊದಲೇ ಶುರು. ಅವರ ಮನೆ ಪುರೋಹಿತರಿಗೆ ಒಂದು ಫೋನ್ ಮಾಡಿ, ‘ಸ್ವಾಮಿ, ಸ್ಟೇಜ್ ಮೇಲೆ ನೀವು ಎಷ್ಟು ಹೊತ್ತಿಗೆ ಕೂರುತ್ತೀರಿ, ಹೋಮ ಎಲ್ಲಿ, ಯಾವ ದಿಕ್ಕಿಗೆ ಮುಖ’ ಅಂತ ಕೇಳಿಕೊಳ್ಳಿ. ಆರೂವರೆ ಅಂದರು ಅನ್ನಿ, ನಿಮ್ಮ ಕೆಲಸ ಐದೂವರೆಗೆ ಮುಗಿದಿರಬೇಕು. ಇತ್ತ ಆರತಕ್ಷತೆ ಹತ್ತಕ್ಕೆ ಮುಗಿಯುತ್ತದೆ ಅಂತ ಕಾರ್ಡಿನಲ್ಲಿ ಇದ್ದರೂ, ಊಟ ಮುಗಿಸಿ ಬಂದ ನೆಂಟರು, ಹುಡುಗನ ಆಫೀಸಿನವರು, ಆಮೇಲೆ ಮನೆಯವರದ್ದೇ ಫೋಟೋ ಅಂತ ಸ್ಟೇಜ್ ನಿಮ್ಮ ಕೈಗೆ ಸಿಗುವುದು ಹನ್ನೊಂದರ ಮೇಲೆ. ಉಳಿದಿದ್ದು ಆರೂವರೆ ಗಂಟೆ. ಬಿಚ್ಚಿ ಗುಡಿಸುವುದಕ್ಕೆ ಒಂದು ಗಂಟೆ. ಹುಡುಗರ ಊಟ, ವಿಶ್ರಾಂತಿ, ಎಲ್ಲೋ ಕರೆಂಟ್ ಹೋಗಿ ಜನರೇಟರ್ ಬರುವವರೆಗೆ ಕಾಯುವುದು, ಇದಕ್ಕೆಲ್ಲ ಇನ್ನೊಂದು ಒಂದೂವರೆ ಗಂಟೆ. ನಿಜವಾಗಿ ಕೈ ಆಡುವುದು ನಾಲ್ಕು ಗಂಟೆ ಮಾತ್ರ. ನಾಲ್ಕು ಗಂಟೆಯಲ್ಲಿ ಆಗದ ಯಾವುದನ್ನೂ ಸ್ಟೇಜ್ ಮೇಲೆ ಕಟ್ಟುತ್ತೇನೆ ಅಂತ ಒಪ್ಪಿಕೊಳ್ಳಬೇಡಿ.

ಇಷ್ಟು ಗೊತ್ತಾದರೆ ಅಲಂಕಾರ ಹೇಗಿರಬೇಕು ಅನ್ನುವುದು ಅರ್ಧ ತೀರ್ಮಾನ ಆದ ಹಾಗೆ. ಆರತಕ್ಷತೆಗೂ ಧಾರೆಗೂ ಹಿಂಬದಿ ಒಂದೇ ಇರಲಿ. ಹಸಿರು ಸೊಪ್ಪಿನ ಗೋಡೆ, ಎರಡು ಪಕ್ಕದಲ್ಲಿ ಸೊಪ್ಪಿನದ್ದೇ ಕಂಬ, ಇವು ಎರಡು ದಿನಕ್ಕೂ ಅಲ್ಲಾಡುವುದಿಲ್ಲ. ಸಂಜೆ ಅದರ ಮುಂದೆ ಹುಡುಗಿ ಕೇಳಿದ ಬಿಳಿ, ತಿಳಿ ಗುಲಾಬಿ ಹೂಗಳ ನಾಲ್ಕೈದು ದೊಡ್ಡ ಗುಚ್ಛ ಮತ್ತು ಸೋಫಾ. ರಾತ್ರಿ ಗುಚ್ಛಗಳನ್ನು ಎತ್ತಿ ಬಾಗಿಲ ಹತ್ತಿರ, ಊಟದ ಹಾಲ್ ಹತ್ತಿರ ಇಟ್ಟರೆ ಮರುದಿನವೂ ಕೆಲಸಕ್ಕೆ ಬರುತ್ತವೆ. ಅದೇ ಹಸಿರಿನ ಮುಂದೆ ಧಾರೆ ಮಂಟಪ ನಿಲ್ಲುತ್ತದೆ, ಅದಕ್ಕೆ ಅಜ್ಜಿಯ ಮಲ್ಲಿಗೆ, ಸೇವಂತಿಗೆ. ಅಜ್ಜಿ, ಮೊಮ್ಮಗಳು ಇಬ್ಬರಿಗೂ ಒಂದೊಂದು ಹೊತ್ತು ಪೂರ್ತಿ ಸಿಗುತ್ತದೆ. ಎರಡನ್ನೂ ಒಂದೇ ಹೊತ್ತಿಗೆ ಬೆರೆಸಿ ಇಬ್ಬರನ್ನೂ ಅರ್ಧರ್ಧ ಸಮಾಧಾನ ಮಾಡಲು ಹೋಗಬೇಡಿ. ಕಿತ್ತಳೆ ಚೆಂಡು ಹೂವಿನ ಪಕ್ಕ ತಿಳಿ ಗುಲಾಬಿ ಬಣ್ಣ ಸೋತು ಹೋಗುತ್ತದೆ, ಫೋಟೋದಲ್ಲಂತೂ ಬೂದು ಕಾಣುತ್ತದೆ.

ಧಾರೆ ಮಂಟಪದ ನಾಲ್ಕು ಕಂಬ, ಮೇಲಿನ ಚೌಕಟ್ಟು ಬಿಡಿಬಿಡಿಯಾಗಿ ಇರಲಿ. ಪ್ರತಿ ಕಂಬಕ್ಕೆ ಹೂ ಸುತ್ತುವುದು, ಜಾಲರಿ ಕಟ್ಟುವುದು ಎಲ್ಲ ಮಧ್ಯಾಹ್ನದಿಂದಲೇ ಹಿಂದಿನ ಕೋಣೆಯಲ್ಲಿ ನಡೆಯಲಿ. ರಾತ್ರಿ ಸ್ಟೇಜ್ ಮೇಲೆ ಜೋಡಿಸುವುದಷ್ಟೇ ಬಾಕಿ ಇರಬೇಕು. ಇದಕ್ಕೆ ಛತ್ರದಲ್ಲಿ ಒಂದು ಕೋಣೆ ಬೇಕು, ಅದನ್ನು ಇವತ್ತೇ ಹೋಗಿ ಕೇಳಿ. ಮ್ಯಾನೇಜರ್ ಹತ್ತಿರ ಇನ್ನೂ ಕೆಲವು ವಿಷಯ ಖುದ್ದಾಗಿ ಮಾತಾಡಿ: ಗೋಡೆಗೆ ಮೊಳೆ ಹೊಡೆಯಬಹುದೇ, ರಾತ್ರಿ ಸ್ಟೇಜ್ ಲೈಟ್ ಯಾರು ಹಾಕಿಕೊಡುತ್ತಾರೆ, ನೀರಿನ ನಲ್ಲಿ ಎಲ್ಲಿ, ಗಾಡಿ ಹಿಂಬಾಗಿಲವರೆಗೆ ಬರುತ್ತದೆಯೇ, ಏಣಿ ಇದೆಯೇ. ಟೇಪ್ ಹಿಡಿದು ಸ್ಟೇಜ್ ನೀವೇ ಅಳೆಯಿರಿ. ಅವರು ಬಾಯಲ್ಲಿ ಹೇಳುವ ಅಳತೆ ನಂಬಬೇಡಿ. ಎಲ್‌ಇಡಿ ಪರದೆ, ಸೌಂಡ್ ಬಾಕ್ಸ್, ಫೋಟೋದವರ ಲೈಟ್ ಸ್ಟ್ಯಾಂಡ್ ಎಲ್ಲೆಲ್ಲಿ ನಿಲ್ಲುತ್ತವೆ ಅಂತ ಅವರವರಿಂದಲೇ ತಿಳಿದುಕೊಳ್ಳಿ. ಇಲ್ಲದಿದ್ದರೆ ನೀವು ಚೆನ್ನಾಗಿ ಕಟ್ಟಿದ ಪಕ್ಕದ ಕಂಬದ ಮುಂದೆ ಒಂದು ಕಪ್ಪು ಸ್ಪೀಕರ್ ಬಂದು ಕೂರುತ್ತದೆ.

ಈಗ ಹೂವಿಗೆ ಬರೋಣ. ಒಂದೊಂದು ಹೂವಿಗೂ ಅದರದೇ ಹೊತ್ತಿದೆ, ಅದರದೇ ಕಾಲ ಇದೆ.

ಮೇ ತಿಂಗಳು ಮಲ್ಲಿಗೆಯ ಕಾಲ. ಅಜ್ಜಿಯ ಆಸೆಯಲ್ಲಿ ಮಲ್ಲಿಗೆ ಭಾಗ ಸುಲಭ, ಒಳ್ಳೆಯ ಹೂ ಸಿಗುತ್ತದೆ. ಇದೇ ಮದುವೆ ಡಿಸೆಂಬರಿನಲ್ಲಿ ಇದ್ದಿದ್ದರೆ ಮಲ್ಲಿಗೆ ಬೆಲೆ ಕೇಳಿ ನೀವೇ ಕಾಕಡ ಹಾಕಿಕೊಡುತ್ತೇನೆ ಅನ್ನುತ್ತಿದ್ದಿರಿ. ಆದರೆ ಸೇವಂತಿಗೆ ಬೇರೆ ಜಾತಿ. ಹಗಲು ಚಿಕ್ಕದಾಗಿ ರಾತ್ರಿ ದೊಡ್ಡದಾದಾಗ ಮೊಗ್ಗು ಹಿಡಿಯುವ ಗಿಡ ಅದು, ಅದಕ್ಕೇ ದಸರಾದಿಂದ ಸಂಕ್ರಾಂತಿವರೆಗೆ ರಾಶಿ ರಾಶಿ ಬರುತ್ತದೆ. ಮೇ ತಿಂಗಳಲ್ಲಿ ಹಗಲು ಉದ್ದ, ಹೂ ಕಡಿಮೆ, ಬಂದಿದ್ದೂ ಸಣ್ಣದು, ಬೆಲೆ ಮೇಲೆ. ಇದನ್ನು ಅಜ್ಜಿಗೆ ನೇರವಾಗಿ ಹೇಳಿ, ಹಿರಿಯರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಸೇವಂತಿಗೆಯನ್ನು ಹಸೆಮಣೆಯ ಸುತ್ತ, ಕಲಶದ ಹತ್ತಿರ, ಕೈಗೆ ಎಟುಕುವ ಎತ್ತರದಲ್ಲಿ ಹಾಕಿ. ಮೇಲೆ ದೂರದಿಂದ ಕಾಣುವ ಜಾಗಕ್ಕೆ ಹಳದಿ ಚೆಂಡು ಹೂ ಸಾಕು.

ಮಲ್ಲಿಗೆಯಲ್ಲಿ ನೆನಪಿಡಬೇಕಾದ್ದು, ಅದು ಬೆಳಿಗ್ಗೆ ಮೊಗ್ಗಾಗಿ ಬಂದು ಸಂಜೆ ಅರಳುತ್ತದೆ. ಧಾರೆಗೆ ಬೇಕಾದ ಮಲ್ಲಿಗೆಯನ್ನು ಹಿಂದಿನ ಬೆಳಿಗ್ಗೆ ತರಿಸಿ ಹಾಗೇ ಇಟ್ಟರೆ ರಾತ್ರಿ ಪೂರ್ತಿ ಅರಳಿ ಬೆಳಿಗ್ಗೆ ಕಂದು ಅಂಚು ಬಂದಿರುತ್ತದೆ. ಹಿಂದಿನ ದಿನ ಮೊಗ್ಗಿನಲ್ಲೇ ಕಟ್ಟಿಸಿ, ಬಾಳೆ ಎಲೆಯಲ್ಲಿ ಸುತ್ತಿ, ಒದ್ದೆ ಬಟ್ಟೆ ಹೊದಿಸಿ ತಣ್ಣಗಿಡಿ. ಫ್ರಿಜ್ ಇದ್ದರೆ ಒಳ್ಳೆಯದು. ಸ್ಟೇಜಿಗೆ ತರುವುದು ಬೆಳಗಿನ ಜಾವ ನಾಲ್ಕರ ಮೇಲೆ, ಎಲ್ಲಕ್ಕಿಂತ ಕೊನೆಗೆ. ಉಡುಪಿ ಮಲ್ಲಿಗೆ ಬಾಳೆ ನಾರಿನಲ್ಲಿ ಕಟ್ಟಿಯೇ ಬರುತ್ತದೆ, ಮಾರುವುದು ಚೆಂಡು, ಅಟ್ಟೆ ಲೆಕ್ಕದಲ್ಲಿ, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅದು ಮುಡಿಗೆ, ಹಾರಕ್ಕೆ ಚೆಂದ. ಕಂಬಕ್ಕೆ ಸುತ್ತುವುದು ದಂಡ, ಕಂಬಕ್ಕೆ ಮೈಸೂರಿನ ಕಡೆಯ ಬಿಡಿ ಮಲ್ಲಿಗೆ ತರಿಸಿ ಕಟ್ಟಿಸಿ. ಮೊಗ್ಗಿನ ಜಡೆ ನಿಮ್ಮ ಲೆಕ್ಕದಲ್ಲಿ ಇದೆಯೋ ಇಲ್ಲವೋ ಮೊದಲೇ ಕೇಳಿ. ಅದು ಬೇರೆಯೇ ಕೈಕೆಲಸ, ಅದನ್ನೇ ಮಾಡುವವರಿಗೆ ಕೊಡಿ.

ಕನಕಾಂಬರ ಎರಡು ದಿನ ಬಾಡದೆ ಇರುತ್ತದೆ, ಹಾಗಾಗಿ ಮುಂಚೆ ಕಟ್ಟಿಡಬಹುದಾದ ಕೆಲಸಕ್ಕೆಲ್ಲ ಅದು ಆಸರೆ. ಚೆಂಡು ಹೂವೂ ಗಟ್ಟಿ, ಆದರೆ ಅದಕ್ಕೆ ಒಂದು ಶತ್ರು, ಚೀಲ. ಪ್ಲಾಸ್ಟಿಕ್ ಚೀಲದಲ್ಲಿ ಒತ್ತಿ ಬಂದ ಚೆಂಡು ಹೂವನ್ನು ಹಾಗೇ ಬಿಟ್ಟರೆ ಒಳಗೆ ಬಿಸಿ ಹುಟ್ಟಿ ಕೊಳೆಯಲು ಶುರು. ಬಂದ ಕೂಡಲೇ ಗೋಣಿ ತಾಟು ಹಾಸಿ ಹರಡಿ, ನೀರು ಹೊಡೆಯಬೇಡಿ. ಹಾರ ಕಟ್ಟಿದ ಮೇಲೂ ಗುಡ್ಡೆ ಹಾಕದೆ ಕೋಲಿಗೆ ನೇತು ಹಾಕಿ.

ಸುಗಂಧರಾಜದಲ್ಲಿ ಒಂಟಿ ಎಸಳಿನದು ಹಾರಕ್ಕೆ, ಸುತ್ತು ಎಸಳಿನದು ಕಡ್ಡಿ ಸಮೇತ ಗುಚ್ಛಕ್ಕೆ. ಬೆಂಗಳೂರು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಬಿಟ್ಟ ತಳಿಗಳಲ್ಲಿ ಪ್ರಜ್ವಲ್ ಒಂಟಿ, ಸುವಾಸಿನಿ ಸುತ್ತು. ಬೆಳೆಗಾರರ ಹತ್ತಿರ ನೇರ ಮಾತಾಡುವಾಗ ಈ ಹೆಸರು ಗೊತ್ತಿದ್ದರೆ ಬೇಕಾದ್ದೇ ಸಿಗುತ್ತದೆ. ಇದರ ಘಮ ರಾತ್ರಿ ಜೋರು. ಆರತಕ್ಷತೆಯಲ್ಲಿ ಹುಡುಗ ಹುಡುಗಿ ಮೂರು ಗಂಟೆ ಅದರ ಪಕ್ಕವೇ ನಿಲ್ಲುವವರು, ತಲೆನೋವು ಬರುತ್ತದಾ ಅಂತ ಒಂದು ಮಾತು ಕೇಳಿ.

ಹುಡುಗಿಯ ಫೋಟೋದ ವಿಷಯ. ಆ ಫೋಟೋಗಳಲ್ಲಿ ಸಾಮಾನ್ಯವಾಗಿ ಇರುವುದು ಪಿಯೋನಿ, ಹೈಡ್ರೇಂಜಿಯ ತರದ ಹೂಗಳು. ಪಿಯೋನಿ ಚಳಿ ದೇಶದ್ದು, ಅದರ ಹಿಂದೆ ಬೀಳಬೇಡಿ. ಹೈಡ್ರೇಂಜಿಯ ನಮ್ಮ ಮಲೆನಾಡಿನ ಮನೆಗಳ ಮುಂದೆಯೇ ಬೆಳೆಯುತ್ತದೆ, ಆದರೆ ಕೊಯ್ದ ಮೇಲೆ ಬಹಳ ನೀರು ಕೇಳುವ ಹೂ, ಸ್ಟೇಜ್ ಲೈಟಿನ ಕೆಳಗೆ ಒಂದೇ ಗಂಟೆಯಲ್ಲಿ ತಲೆ ಬಗ್ಗಿಸಬಹುದು. ಬಾಡಿದರೆ ಇಡೀ ಹೂವನ್ನು ನೀರಿನಲ್ಲಿ ಮುಳುಗಿಸಿಟ್ಟರೆ ಮತ್ತೆ ಏಳುತ್ತದೆ, ಆದರೆ ಆರತಕ್ಷತೆ ನಡುವೆ ಅದನ್ನು ಯಾರು ಮಾಡುತ್ತಾರೆ? ಅವಳಿಗೆ ನಿಜವಾಗಿ ಬೇಕಾಗಿರುವುದು ಆ ಬಣ್ಣ, ಆ ತುಂಬಿದ ನೋಟ. ಹೊಸೂರು, ಬೆಂಗಳೂರು ಸುತ್ತಲಿನ ಪಾಲಿಹೌಸ್ ಗುಲಾಬಿಯಲ್ಲೇ ತಿಳಿ ಗುಲಾಬಿ, ಕೆನೆ ಬಣ್ಣ ಸಿಗುತ್ತದೆ. ಪೂರ್ತಿ ಅರಳಿಸಿ ಹೊರಗಿನ ಎಸಳನ್ನು ಮೆಲ್ಲಗೆ ಹಿಂದಕ್ಕೆ ಮಡಚಿದರೆ ಒಂದು ಹೂ ಎರಡರಷ್ಟು ಅಗಲ ಕಾಣುತ್ತದೆ. ಜೊತೆಗೆ ಕಾರ್ನೇಷನ್, ಬಿಳಿ ಸೇವಂತಿಗೆ ಕಡ್ಡಿ, ಪುಟ್ಟ ಬಿಳಿ ಹೂವಿನ ಜಿಪ್ಸೋಫಿಲಾ. ಒಂದು ಗುಚ್ಛ ಮೊದಲೇ ಮಾಡಿ ಫೋಟೋ ಕಳಿಸಿ ಒಪ್ಪಿಗೆ ತಗೊಳ್ಳಿ. ಮಾತಿನಲ್ಲಿ ಒಪ್ಪಿಸಿದ್ದು ಸ್ಟೇಜ್ ನೋಡಿದಾಗ ಮರೆತು ಹೋಗುತ್ತದೆ.

ಆಂಥೂರಿಯಂ ಮರೆಯಬೇಡಿ. ಮಲೆನಾಡಿನ ಎಷ್ಟೋ ತೋಟದ ಮನೆಗಳಲ್ಲಿ ಹೆಣ್ಣುಮಕ್ಕಳು ನೆರಳು ಪರದೆಯ ಕೆಳಗೆ ಇದನ್ನು ಬೆಳೆಸುತ್ತಾರೆ. ಕೊಯ್ದ ಮೇಲೆ ಎರಡು ವಾರ ಇರುವ ಹೂ. ಬೆಂಗಳೂರಿನಿಂದ ಆರ್ಕಿಡ್ ತರಿಸುವ ದುಡ್ಡಿನಲ್ಲಿ ಒಂದಷ್ಟು ಇವರ ಕೈಗೆ ಹೋದರೆ ನನಗೆ ಖುಷಿ, ಆರತಕ್ಷತೆಗೆ ತಂದ ಅದೇ ಹೂ ಬೀಗರೂಟಕ್ಕೂ ಆಗುತ್ತದೆ.

ಕಡ್ಡಿ ಹೂ ಬೆಂಗಳೂರಿನಿಂದ ಬರುವುದಾದರೆ, ಕೆ.ಆರ್. ಮಾರುಕಟ್ಟೆಯ ವ್ಯಾಪಾರಿ ಆಗಲಿ, ಹೆಬ್ಬಾಳದ ಹರಾಜು ಕೇಂದ್ರದಿಂದ ತೆಗೆದು ಕಳಿಸುವವರಾಗಲಿ, ಮೂರ್ನಾಲ್ಕು ದಿನ ಮೊದಲೇ ಬಣ್ಣ, ಕಡ್ಡಿ ಉದ್ದ, ಎಷ್ಟು ಕಟ್ಟು ಅಂತ ಬರೆದು ಕಳಿಸಿ. ಗುಲಾಬಿ ಕಟ್ಟಿಗೆ ಇಪ್ಪತ್ತು, ಜರ್ಬೆರಾ ಕಟ್ಟಿಗೆ ಹತ್ತು ಸಾಮಾನ್ಯ. ಹೂ ಹಾಸನಕ್ಕೆ ಆರತಕ್ಷತೆಯ ಹಿಂದಿನ ರಾತ್ರಿ ಮುಟ್ಟಬೇಕು. ಅದೇ ಬೆಳಿಗ್ಗೆ ಬಂದ ಹೂವನ್ನು ಅದೇ ಸಂಜೆಗೆ ನಿಲ್ಲಿಸಿದರೆ ನೀರು ಕುಡಿಯಲು ಅದಕ್ಕೆ ಪುರುಸೊತ್ತೇ ಸಿಗುವುದಿಲ್ಲ. ಬಸ್ಸಿನ ಡಿಕ್ಕಿಯಲ್ಲಿ ಇಂಜಿನ್ ಶಾಖಕ್ಕೆ ಪೆಟ್ಟಿಗೆ ಬೇಯುತ್ತದೆ, ರಾತ್ರಿ ಬರುವ ತರಕಾರಿ ವ್ಯಾನಿನವರ ಜೊತೆ ಮಾತಾಡಿದರೆ ಇನ್ನೂ ವಾಸಿ.

ಬಂದ ಮೇಲೆ ಮೊದಲ ಕೆಲಸ ಬಕೆಟ್ ತೊಳೆಯುವುದು. ಹೂ ಬಾಡುವುದಕ್ಕೆ ಬಹಳ ಸಲ ಕಾರಣ ಕೊಳಕು ಬಕೆಟ್, ಅದರಲ್ಲಿನ ಬ್ಯಾಕ್ಟೀರಿಯಾ ಕಡ್ಡಿಯ ನಾಳ ಮುಚ್ಚಿಬಿಡುತ್ತದೆ. ಸೋಪಿನಲ್ಲಿ ಉಜ್ಜಿ, ಹೊಸ ನೀರು ತುಂಬಿ, ಒಂದು ಬಕೆಟ್ಟಿಗೆ ಒಂದು ಸಣ್ಣ ಚಮಚ ಬ್ಲೀಚ್ ದ್ರಾವಣ ಹಾಕಿ. ನೀರಿನೊಳಗೆ ಮುಳುಗುವ ಎಲೆ ಎಲ್ಲ ತೆಗೆಯಿರಿ, ಕಡ್ಡಿಯ ಬುಡ ಒಂದು ಅಂಗುಲ ಓರೆಯಾಗಿ ಕತ್ತರಿಸಿ ತಕ್ಷಣ ನೀರಿಗೆ ಇಳಿಸಿ. ಗುಲಾಬಿಗೆ ಆಳದ ನೀರು. ಜರ್ಬೆರಾಕ್ಕೆ ಎರಡು ಮೂರು ಅಂಗುಲ ಸಾಕು, ಅದರ ಕಡ್ಡಿಗೆ ಕೂದಲಿದೆ, ಜಾಸ್ತಿ ನೀರಿನಲ್ಲಿ ಕೊಳೆಯುತ್ತದೆ. ರಾತ್ರಿಯಿಡೀ ಕತ್ತಲೆ ತಂಪು ಕೋಣೆಯಲ್ಲಿ ಬಿಡಿ, ಫ್ಯಾನ್ ಹಾಕಬೇಡಿ. ಬಾಡಿಗೆಗೆ ಕೋಲ್ಡ್ ರೂಮ್ ಸಿಕ್ಕಿದರೆ ಗುಲಾಬಿ, ಕಾರ್ನೇಷನ್ ಇಡಬಹುದು, ಆರ್ಕಿಡ್, ಆಂಥೂರಿಯಂ ಬೇಡ. ಅವು ಬಿಸಿ ನಾಡಿನವು, ಹತ್ತು ಡಿಗ್ರಿಗಿಂತ ಕೆಳಗೆ ಹೋದರೆ ಕಪ್ಪಾಗುತ್ತವೆ.

ಛತ್ರದಲ್ಲಿ ಯಾರೂ ಗಮನಿಸದ ಒಂದು ಅಪಾಯ ಹಣ್ಣು. ಮಾಗುತ್ತಿರುವ ಬಾಳೆಗೊನೆ, ಮಾವಿನ ಬುಟ್ಟಿ, ಸೇಬು ಇವೆಲ್ಲ ಎಥಿಲೀನ್ ಅನ್ನುವ ಅನಿಲ ಬಿಡುತ್ತವೆ. ಮುಚ್ಚಿದ ಕೋಣೆಯಲ್ಲಿ ಅದರ ಜೊತೆ ರಾತ್ರಿ ಕಳೆದ ಕಾರ್ನೇಷನ್ ಬೆಳಿಗ್ಗೆ ಮುದುರಿಕೊಂಡಿರುತ್ತದೆ, ಆರ್ಕಿಡ್ ಉದುರುತ್ತದೆ. ಆಗ ಹೂ ಕಳಿಸಿದವನಿಗೆ ಬೈಯ್ಯುತ್ತೇವೆ. ಉಗ್ರಾಣದವರಿಗೂ ನಿಮಗೂ ಒಂದೇ ಕೋಣೆ ಕೊಟ್ಟರೆ ಒಪ್ಪಬೇಡಿ. ಮೇ ತಿಂಗಳು ಬೇರೆ, ತಾಂಬೂಲಕ್ಕೆ ಮಾವು ಇದ್ದೇ ಇರುತ್ತದೆ, ಅಲ್ವಾ?

ಹೂ ನಿಲ್ಲಿಸುವುದಕ್ಕೆ ಎಲ್ಲರೂ ಹಸಿರು ಫೋಮ್, ಅಂದರೆ ಕಡ್ಡಿ ಚುಚ್ಚುವ, ನೀರು ಹೀರುವ ಇಟ್ಟಿಗೆ, ಬಳಸುತ್ತಾರೆ. ಅಮೆರಿಕದಲ್ಲಿ 1954ರಲ್ಲಿ ಬಂದ ವಸ್ತು ಅದು, ಒಂದು ಬಗೆಯ ಪ್ಲಾಸ್ಟಿಕ್ಕೇ, ಪುಡಿಯಾಗುತ್ತದೆ, ಕರಗುವುದಿಲ್ಲ. ಬಳಸಲೇಬೇಕಾದರೆ ನೀರಿನ ಮೇಲೆ ಬಿಟ್ಟು ತಾನಾಗಿ ಮುಳುಗಲು ಬಿಡಿ, ಕೈಯಿಂದ ಒತ್ತಿದರೆ ಒಳಗೆ ಒಣಗಿದ ಜಾಗ ಉಳಿದು ಅಲ್ಲಿಗೆ ಚುಚ್ಚಿದ ಹೂ ಬಾಡುತ್ತದೆ. ಆದರೆ ನಮ್ಮ ಊರಿನಲ್ಲಿ ಬಾಳೆದಿಂಡು ಇರುವಾಗ ಫೋಮ್ ಯಾಕೆ ಬೇಕು? ಗೊನೆ ಕಡಿದ ಬಾಳೆಯ ಕಾಂಡವನ್ನು ಒಂದೂವರೆ ಅಡಿ ತುಂಡು ಮಾಡಿ, ಅಡ್ಡ ಮಲಗಿಸಿ, ಮೊಳೆಯಿಂದ ತೂತು ಮಾಡಿ ಕಡ್ಡಿ ಚುಚ್ಚಿ. ಅದರೊಳಗೆ ನೀರೇ ನೀರು, ಒಂದು ದಿನ ಆರಾಮಾಗಿ ಹಿಡಿಯುತ್ತದೆ. ಕೆಳಗೆ ಪ್ಲಾಸ್ಟಿಕ್ ತಟ್ಟೆ ಇಡಿ, ಬಾಳೆಯ ಸೊನೆ ಬಟ್ಟೆಗೆ ತಾಗಿದರೆ ಕಲೆ ಹೋಗುವುದಿಲ್ಲ, ಸ್ಟೇಜ್ ಕಾರ್ಪೆಟ್ ಛತ್ರದವರದ್ದು. ದೊಡ್ಡ ಹಿತ್ತಾಳೆ ಕೊಳಗ, ಹಂಡೆಯಲ್ಲಿ ಗುಚ್ಛ ಇಡುವುದಾದರೆ ಕೋಳಿ ಗೂಡಿಗೆ ಹಾಕುವ ತಂತಿ ಬಲೆಯನ್ನು ಉಂಡೆ ಮಾಡಿ ಒಳಗೆ ತುರುಕಿ ನೀರು ತುಂಬಿ. ಥರ್ಮೋಕೋಲ್ ಅಕ್ಷರ, ಥರ್ಮೋಕೋಲ್ ಕಂಬದ ಸುದ್ದಿಗೇ ಹೋಗಬೇಡಿ, ಅಲಂಕಾರಕ್ಕೆ ಅದನ್ನು ಬಳಸುವುದನ್ನು ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧಿಸಿದೆ.

ಎಷ್ಟು ಹೂ ಅಂತ ಕೇಳಿದ್ದಿರಿ. ಅಂದಾಜಿಗೆ ಕೆಜಿ ಹೇಳಿದರೆ ಅದು ನಿಮಗೆ ಉಪಯೋಗಕ್ಕೆ ಬರುವುದಿಲ್ಲ, ಯಾಕೆಂದರೆ ನೀವು ಎಷ್ಟು ಒತ್ತಾಗಿ ಕಟ್ಟುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಒಂದು ಕೆಜಿ ಚೆಂಡು ಹೂ ತಂದು ನಿಮ್ಮವರ ಕೈಯಿಂದಲೇ ಕಟ್ಟಿಸಿ ಎಷ್ಟು ಅಡಿ ಬಂತು ಅಳೆದುಕೊಳ್ಳಿ. ಆಮೇಲಿನದು ಬರೀ ಗುಣಾಕಾರ. ಇಪ್ಪತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಹಿಂಬದಿಗೆ ಅರ್ಧ ಅಡಿಗೊಂದು ಎಳೆ ಇಳಿಬಿಟ್ಟರೆ 41 ಎಳೆ, ಒಟ್ಟು 410 ಅಡಿ. ಕಾಲು ಅಡಿಗೊಂದು ಬಿಟ್ಟರೆ 81 ಎಳೆ, 810 ಅಡಿ. ಒಬ್ಬ ಗಿರಾಕಿ ‘ಇನ್ನೂ ಸ್ವಲ್ಪ ಒತ್ತಾಗಿ ಇರಲಿ’ ಅಂದರೆ ನಿಮ್ಮ ಖರ್ಚು ಡಬಲ್ ಆಗುವುದು ಹೀಗೆ. ಸಂದೇ ಇಲ್ಲದ ಹೂವಿನ ಗೋಡೆ ಕೇಳಿದರೆ ಇನ್ನೂ ಕಷ್ಟ. ಎರಡು ಅಂಗುಲದ ಹೂ ಒಂದು ಚದರ ಅಡಿಗೆ 36 ಬೇಕು, ನಾಲ್ಕು ಅಡಿಗೆ ಎಂಟು ಅಡಿಯ ಒಂದೇ ಹಲಗೆಗೆ ಸಾವಿರದ ನೂರೈವತ್ತು ದಾಟುತ್ತದೆ. ಅದಕ್ಕೇ ಹಸಿರು ಹಿಂಬದಿ ಅಂದಿದ್ದು. ಮುಕ್ಕಾಲು ಭಾಗ ಸೊಪ್ಪು, ಕಾಲು ಭಾಗ ಹೂ ಇದ್ದರೆ ಹೂ ಎದ್ದು ಕಾಣುತ್ತದೆ. ಒಟ್ಟು ಲೆಕ್ಕದ ಮೇಲೆ ನೂರಕ್ಕೆ ಹದಿನೈದು ಜಾಸ್ತಿ ತರಿಸಿ, ಮುರಿದದ್ದು, ಅರಳದೇ ಇದ್ದದ್ದು ಹೋಗಿ ಅಷ್ಟೇ ಉಳಿಯುತ್ತದೆ.

ಸೊಪ್ಪಿಗೆ ನಿಮ್ಮಷ್ಟು ಅದೃಷ್ಟ ಬೆಂಗಳೂರಿನವರಿಗೆ ಇಲ್ಲ. ಮಳೆಗಾಲಕ್ಕೆ ಮೊದಲು ಕಾಫಿ ತೋಟಗಳಲ್ಲಿ ಮರಗಸಿ ನಡೆಯುತ್ತದೆ, ನೆರಳಿನ ಮರದ ಕೊಂಬೆ ಕಡಿದು ಕೆಳಗೆ ಹಾಕಿರುತ್ತಾರೆ. ಬೀಗರ ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರಿಗೆ ಒಂದು ಮಾತು ಹೇಳಿಸಿದರೆ ಸಿಲ್ವರ್ ಓಕ್ ಸೊಪ್ಪು ಬೇಕಾದಷ್ಟು ಸಿಗುತ್ತದೆ. ಮೇಲೆ ಹಸಿರು, ಕೆಳಗೆ ಬೆಳ್ಳಿ, ಒಣಗಿದರೂ ಆಕಾರ ಕೆಡುವುದಿಲ್ಲ, ಬಿಳಿ ಹೂವಿನ ಜೊತೆ ಅದರಷ್ಟು ಹೊಂದುವ ಎಲೆ ನನಗೆ ಬೇರೆ ಗೊತ್ತಿಲ್ಲ. ಚನ್ನರಾಯಪಟ್ಟಣ, ಅರಸೀಕೆರೆ ಕಡೆಯ ತೆಂಗಿನ ಗರಿ, ಮಾವಿನ ಸೊಪ್ಪು, ಬಾಳೆ ಕಂದು ಹೇಗೂ ಇದ್ದೇ ಇದೆ. ಅಡಿಕೆ ಹೊಂಬಾಳೆ ಧಾರೆ ಮಂಟಪದ ನಾಲ್ಕು ಮೂಲೆಗೆ ಬಹಳ ಚೆಂದ. ಹಾಳೆ ಬಿಚ್ಚದೆ ತಂದು, ಮಂಟಪ ನಿಂತ ಮೇಲೆ ಬಿಚ್ಚಿ. ಆದರೆ ಒಂದು ಹೊಂಬಾಳೆ ಅಂದರೆ ಬೆಳೆಗಾರನಿಗೆ ಒಂದು ಗೊನೆ ಅಡಿಕೆ ನಷ್ಟ, ಸುಮ್ನೆ ಕೇಳಬೇಡಿ, ಬೆಲೆ ಕೊಡಿ.

ಮಂಟಪ ಕಟ್ಟುವಾಗ ಎರಡು ಎಚ್ಚರ. ಹೋಮಕುಂಡದ ನೇರ ಮೇಲೆ ಏನನ್ನೂ ಇಳಿಬಿಡಬೇಡಿ, ಪಾಲಿಯೆಸ್ಟರ್ ಪರದೆ, ಒಣ ಗರಿ ಹತ್ತಿರ ಸುಳಿಯಲೇಬಾರದು. ಒಂದು ಬಕೆಟ್ ನೀರು, ಒಂದು ಒದ್ದೆ ಗೋಣಿ ಸ್ಟೇಜ್ ಹಿಂದೆ ಸದಾ ಇರಲಿ. ಇನ್ನೊಂದು, ಧಾರೆ ಎರೆಯುವಾಗ ಸುತ್ತ ಹತ್ತಿಪ್ಪತ್ತು ಜನ ನಿಲ್ಲುತ್ತಾರೆ. ಮುಂದಿನ ಎರಡು ಕಂಬ ತೆಳ್ಳಗಿರಲಿ, ಜಾಲರಿ ಏಳು ಅಡಿಗಿಂತ ಕೆಳಗೆ ಬರಬಾರದು. ಎತ್ತರದ ಮಾವನ ಪೇಟಕ್ಕೆ ಹೂ ಸಿಕ್ಕಿಕೊಂಡರೆ ಅಷ್ಟು ಹೊತ್ತಿನ ಶ್ರಮ ಹೋಯಿತು, ಕುಳಿತ ಜನಕ್ಕೂ ಧಾರೆ ಕಾಣಬೇಕು.

ಹಾರ ಎಷ್ಟು ಅಂತ ಬರೆದು ಒಪ್ಪಿಸಿಕೊಳ್ಳಿ. ಆರತಕ್ಷತೆಗೆ ಒಂದು ಜೊತೆ, ಧಾರೆಗೆ ಒಂದು ಜೊತೆ, ಕೈಯಲ್ಲಿ ಒಂದು ಜೊತೆ ಜಾಸ್ತಿ. ಗಂಟೆಗಟ್ಟಲೆ ಕೊರಳಲ್ಲಿ ಇರುವುದು, ಭಾರ ಬೇಡ. ಮನೆ ಮುಂದಿನ ಚಪ್ಪರ, ದೇವರ ಮನೆ, ಕಾರಿನ ಅಲಂಕಾರ ಇದೆಲ್ಲ ಯಾರದು ಅನ್ನುವುದೂ ಈಗಲೇ ಮಾತಾಗಲಿ. ‘ಅದೂ ನೀವೇ ಅಂದುಕೊಂಡಿದ್ದೆವು’ ಅನ್ನುವ ಮಾತು ಹಿಂದಿನ ದಿನ ಬರುತ್ತದೆ.

ದುಡ್ಡು. ಹೂ, ಸೊಪ್ಪಿನ ಖರೀದಿ ಒಟ್ಟು ಬಿಲ್ಲಿನ ಅರ್ಧ ದಾಟಬಾರದು ಅನ್ನುವುದು ನನ್ನ ಲೆಕ್ಕ. ಉಳಿದ ಅರ್ಧದಲ್ಲಿ ಹೂ ಕಟ್ಟುವವರ ಕೂಲಿ, ರಾತ್ರಿ ಕೂಲಿ, ಗಾಡಿ, ಬಾಡಿಗೆ ಸಾಮಾನು, ಊಟ, ಬಿಚ್ಚುವ ಖರ್ಚು, ಆಮೇಲೆ ನಿಮ್ಮ ದುಡಿಮೆ. ಹೆಣ್ಣುಮಕ್ಕಳು ಮನೆಯಿಂದ ಕೆಲಸ ಶುರು ಮಾಡಿದಾಗ ತಮ್ಮ ದುಡಿಮೆಗೆ ಬೆಲೆ ಹಾಕುವುದನ್ನೇ ಬಿಟ್ಟುಬಿಡುತ್ತಾರೆ, ನೀವು ಹಾಗೆ ಮಾಡಬೇಡಿ. ಬೆಲೆ ಹೇಳುವ ಮೊದಲು ಪಂಚಾಂಗ ನೋಡಿ. ಆ ದಿನ ಒಳ್ಳೆಯ ಲಗ್ನ ಇದ್ದರೆ ಜಿಲ್ಲೆಯಲ್ಲೆಲ್ಲ ಮದುವೆ, ಹೂವಿನ ಬೆಲೆಯೂ ಏರುತ್ತದೆ, ಕಟ್ಟುವವರೂ ಸಿಗುವುದಿಲ್ಲ. ಆಷಾಢ ಬರುವ ಮೊದಲು ಮುಗಿಸಬೇಕು ಅಂತ ಎಲ್ಲರೂ ಅವಸರದಲ್ಲಿರುತ್ತಾರೆ. ಕೊಟೇಷನ್ನಿನಲ್ಲಿ ಹೂವಿನ ಹೆಸರಿನ ಪಕ್ಕ ‘ಸಿಗದಿದ್ದರೆ ಇದೇ ಬಣ್ಣದ, ಇದೇ ಗಾತ್ರದ ಬೇರೆ ಹೂ’ ಅಂತ ಬರೆಯಿರಿ. ಕೆಲಸ ಒಪ್ಪಿಕೊಳ್ಳುವಾಗ ಅರ್ಧ ಮುಂಗಡ, ಹೂ ತರಿಸುವ ಮೊದಲು ಇನ್ನೊಂದು ಕಂತು ತಗೊಳ್ಳಿ. ನಿಮ್ಮ ಕೈಯಿಂದ ಹಾಕಿ ಹೂ ತರಿಸಬೇಡಿ, ಮದುವೆ ಮನೆಯಲ್ಲಿ ಬೆಳಿಗ್ಗೆ ಎಂಟಕ್ಕೆ ಹುಡುಗಿಯ ತಂದೆಯ ಹತ್ತಿರ ದುಡ್ಡು ಕೇಳುವುದು ಇಬ್ಬರಿಗೂ ಕಷ್ಟ.

ಜನ ಎಷ್ಟು? ಮಧ್ಯಾಹ್ನ ಹೂ ಕಟ್ಟುವವರು ಬೇರೆ, ರಾತ್ರಿ ಸ್ಟೇಜ್ ಮೇಲೆ ಹತ್ತುವವರು ಬೇರೆ ಇರಲಿ. ಬೆಳಿಗ್ಗೆಯಿಂದ ಕಟ್ಟಿದ ಕೈಗೆ ರಾತ್ರಿ ಏಣಿ ಕೊಡಬಾರದು. ರಾತ್ರಿಗೆ ಐದಾರು ಜನ ಸಾಕು, ಅದರಲ್ಲಿ ಇಬ್ಬರಿಗೆ ಕಂಬ ಜೋಡಿಸುವುದು ಗೊತ್ತಿರಬೇಕು, ಒಬ್ಬರಿಗೆ ವೈರಿಂಗ್ ಗೊತ್ತಿರಬೇಕು. ನೀವು ಏಣಿ ಹತ್ತಬೇಡಿ, ಕೆಳಗೆ ನಿಂತು ಕೊನೆಯ ಸಾಲಿನ ಕುರ್ಚಿಯಿಂದ ನೋಡಿ ಹೇಳಿ. ಮನೆಯವರ ಕಡೆಯಿಂದ ತೀರ್ಮಾನ ಹೇಳುವವರು ಒಬ್ಬರೇ ಇರಲಿ, ರಾತ್ರಿ ಫೋನ್ ತೆಗೆಯುವವರು. ಸೋದರಮಾವ ಒಂದು, ಚಿಕ್ಕಮ್ಮ ಒಂದು ಹೇಳಲು ಶುರು ಮಾಡಿದರೆ ಇರುವ ನಾಲ್ಕು ಗಂಟೆ ಮೂರಾಗುತ್ತದೆ. ಬೆಳಿಗ್ಗೆ ಹೊಸದಾಗಿ ಬರುವ ಒಬ್ಬರು ಧಾರೆ ಮುಗಿಯುವವರೆಗೆ ಅಲ್ಲೇ ಇದ್ದು ಬಾಡಿದ್ದು ತೆಗೆಯಲಿ, ನೀರು ಸಿಂಪಡಿಸಲಿ.

ಬಿಚ್ಚುವ ದಿನದ ಕೆಲಸವನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಪಿನ್ನು, ತಂತಿ, ಸ್ಟೇಪ್ಲರ್ ಮೊಳೆ ಪೂರ್ತಿ ತೆಗೆಯದೆ ಹೂವನ್ನು ತಿಪ್ಪೆಗೆ ಎಸೆಯಬೇಡಿ, ಬೀದಿ ಹಸುಗಳು ಹಾರದ ಸಮೇತ ತಿನ್ನುತ್ತವೆ, ತಂತಿ ಹೊಟ್ಟೆಗೆ ಹೋಗುತ್ತದೆ. ಒಂದು ದೊಡ್ಡ ಅಯಸ್ಕಾಂತಕ್ಕೆ ದಾರ ಕಟ್ಟಿ ಕಾರ್ಪೆಟ್ ಮೇಲೆ ಎಳೆದರೆ ಕಣ್ಣಿಗೆ ಕಾಣದ ಪಿನ್ನೂ ಬರುತ್ತದೆ. ಇದನ್ನು ರಾತ್ರಿ ಆರತಕ್ಷತೆ ಬಿಚ್ಚಿದಾಗಲೂ ಮಾಡಿ, ಬೆಳಿಗ್ಗೆ ಅಲ್ಲಿ ಎಲ್ಲರೂ ಬರಿಗಾಲಿನಲ್ಲಿ ಓಡಾಡುತ್ತಾರೆ. ಚೆಂಡು ಹೂ, ಸೊಪ್ಪು, ಬಾಳೆದಿಂಡು ಗೊಬ್ಬರಕ್ಕೆ ಒಯ್ಯುವ ರೈತರು ಸಿಗುತ್ತಾರೆ, ಮೊದಲೇ ಹೇಳಿಡಿ.

ಬೀಗರೂಟಕ್ಕೆ ಖರ್ಚು ಮಾಡಿಸಬೇಡಿ. ಅಲ್ಲಿ ಜನ ಬರುವುದು ಊಟಕ್ಕೆ, ಸುತ್ತ ತೋಟವೇ ಇದೆ. ಮೇ ತಿಂಗಳ ಮಧ್ಯಾಹ್ನ ಚಿಕ್ಕಮಗಳೂರಿನಲ್ಲಿ ಗುಡುಗು ಮಳೆ ಯಾವಾಗ ಬರುತ್ತದೆ ಅಂತ ಹೇಳಲಾಗದು, ಗಾಳಿಗೆ ಎತ್ತರದ ಗುಚ್ಛ ಉರುಳುತ್ತದೆ. ಬಾಗಿಲಿಗೆ ಒಂದು ಒಳ್ಳೆಯ ತೋರಣ, ಶಾಮಿಯಾನದ ಕಂಬಗಳಿಗೆ ಅಡಿಕೆ ಸೋಗೆ, ಮನೆಯದೇ ಹೂಕುಂಡಗಳು, ಆರತಕ್ಷತೆಯಿಂದ ಉಳಿದ ಆಂಥೂರಿಯಂ, ಇಷ್ಟು ಸಾಕು. ಆ ಹೊತ್ತಿಗೆ ತೋಟದ ಮರಗಳ ಮೇಲೆ ಸೀತಾಳೆ ದಂಡೆ ಅರಳಿರಬಹುದು, ಹುಡುಗರು ಕೊಯ್ದು ತರುತ್ತೇವೆ ಅನ್ನುತ್ತಾರೆ. ಬೇಡ ಅನ್ನಿ. ಕಾಡಿನ ಆರ್ಕಿಡ್ ಅದು, ಮರದ ಮೇಲೆ ವಾರಗಟ್ಟಲೆ ಇರುತ್ತದೆ, ನೆಂಟರನ್ನೇ ಮರದ ಹತ್ತಿರ ಕರೆದುಕೊಂಡು ಹೋಗಿ ತೋರಿಸಲಿ. ಶಾಮಿಯಾನದವರಿಗೆ ಮಾತ್ರ ಹಿಂದಿನ ದಿನವೇ ಫೋನ್ ಮಾಡಿ, ಮಳೆಗೆ ತಾಡಪಾಲು ತರುತ್ತಾರೋ ಇಲ್ಲವೋ ಅಂತ ಖಾತ್ರಿ ಮಾಡಿಕೊಳ್ಳಿ.